ಹಕ್ಕಿನ ಖರ್ಚು ಯಾರ ಲೆಕ್ಕಕ್ಕೆ? ಹಾಸನ ಸೀಮೆಯ ದಾಖಲೆಗಳಲ್ಲಿ ಅಭಿವೃದ್ಧಿ, ಸ್ವಾತಂತ್ರ್ಯ ಮತ್ತು ಸಾಮಾಜಿಕ ನ್ಯಾಯ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಮುಖ್ಯರಸ್ತೆ ಬಿಟ್ಟು ಒಳಕ್ಕೆ ಹೊರಳಿದರೆ ದೊಡ್ಡಗದ್ದವಳ್ಳಿ. ಕೆರೆಯ ಅಂಚಿಗೆ ಲಕ್ಷ್ಮೀದೇವಿಯ ಗುಡಿ. ಜಗತಿಯ ಆಡಂಬರವಿಲ್ಲದೆ ನೆಲಕ್ಕೇ ಕೂತ ಈ ಚತುಷ್ಕೂಟವನ್ನು ಕಲಾಚರಿತ್ರಕಾರರು ಸಾಕಷ್ಟು ಅಳೆದು ಬರೆದಿದ್ದಾರೆ. ಕಾಳಿಯ ಗರ್ಭಗುಡಿಯ ಮುಂದೆ ನಿಂತ ಬೇತಾಳಗಳನ್ನು ನೋಡಿ ಬೆಚ್ಚಿದ ಪ್ರವಾಸಿಗರಿಗೂ ಲೆಕ್ಕವಿಲ್ಲ. ಈ ಲೇಖನದ ಆಸಕ್ತಿ ಶಿಲ್ಪದ ಮೇಲಲ್ಲ, ಅದರ ಹಿಂದಿನ ಹಣದ ಮೇಲೆ. ಕ್ರಿ.ಶ. 1113-14ರ ಸುಮಾರಿಗೆ ಇದನ್ನು ಕಟ್ಟಿಸಿದ್ದು ರಾಜನಲ್ಲ, ದಂಡನಾಯಕನೂ ಅಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅರಮನೆಯ ಹಣ ಬೇಲೂರಿನಲ್ಲಿ ಕಲ್ಲಾಗುವ ಮೊದಲೇ ವ್ಯಾಪಾರದ ಹಣ ಇಲ್ಲಿ ಕಲ್ಲಾಗಿತ್ತು.  

ಊರನ್ನು ಅಭಿನವ ಕೊಲ್ಲಾಪುರವೆಂದು ಕರೆದ ಈ ಗುಡಿಯ ಶಾಸನದಲ್ಲಿ ಗಮನಿಸಬೇಕಾದದ್ದು ಗಂಡನ ಹೆಸರಿನ ಮಗ್ಗುಲಿಗೆ ಬರುವ ಹೆಂಡತಿಯ ಹೆಸರು. ಹೊಯ್ಸಳರ ಕಾಲದ ಓಜರೂ ತಮ್ಮ ಕೆಲಸದ ಮೇಲೆ ಅಲ್ಲಲ್ಲಿ ಹೆಸರು ಕೆತ್ತಿಕೊಂಡಿದ್ದಾರೆ. ಕೊಟ್ಟವರು, ಕೊಡಿಸಿದವರು, ಕೆತ್ತಿದವರು ಹೀಗೆ ಕಲ್ಲಿನಲ್ಲಿ ಉಳಿದರು. ದೇವರ ನೈವೇದ್ಯಕ್ಕೆ ಬಿಟ್ಟ ಗದ್ದೆಯ ಎಲ್ಲೆಗಳನ್ನು ಇಂಥ ಶಾಸನಗಳು ಕೆರೆ, ಮರ, ಬಂಡೆ, ದಾರಿ ಎಂದು ಹೆಸರಿಟ್ಟು ಹೇಳುತ್ತವೆ. ಆ ಗದ್ದೆಯಲ್ಲಿ ನಾಟಿ ಹಾಕಿದವರು ಮಾತ್ರ ಆ ಎಲ್ಲೆಯೊಳಗೂ ಇಲ್ಲ, ಹೊರಗೂ ಇಲ್ಲ. ಇದನ್ನು ಕಂಡು ಸಿಟ್ಟಾಗುವುದು ಸುಲಭ. ಸಂಶೋಧಕನಿಗೆ ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ ಬೇರೆ ಇದೆ: ಮುಂದಿನ ಒಂಬತ್ತು ಶತಮಾನಗಳಲ್ಲಿ ಇದೇ ಸೀಮೆಯ ದಾಖಲೆಗಳಿಗೆ ಯಾರು ಯಾರು ಹೆಸರಾಗಿ ಸೇರಿಕೊಂಡರು? ಸೇರಿದ ಮೇಲೆ ಆ ಹೆಸರು ಅವರಿಗೆ ಎಷ್ಟು ಕೆಲಸಕ್ಕೆ ಬಂತು?

ಅಭಿವೃದ್ಧಿಯನ್ನು ತಲಾ ಆದಾಯದಿಂದ ಅಳೆಯುವ ರೂಢಿಯನ್ನು ಅಮರ್ತ್ಯ ಸೇನ್ 1999ರ ತಮ್ಮ ಗ್ರಂಥದಲ್ಲಿ ಪ್ರಶ್ನಿಸಿದರು. ಜನ ತಾವು ಬೆಲೆಯುಳ್ಳದ್ದೆಂದು ತಿಳಿದ ಬದುಕನ್ನು ಬದುಕಲು ಎಷ್ಟು ಶಕ್ತರು ಎಂಬುದೇ ಅವರ ಅಳತೆಗೋಲು. ಒಂದೇ ಮೊತ್ತದ ಹಣ, ಒಂದೇ ಬಗೆಯ ಹಕ್ಕು ಇಬ್ಬರ ಕೈಯಲ್ಲಿ ಒಂದೇ ಫಲ ಕೊಡುವುದಿಲ್ಲ. ದೇಹಸ್ಥಿತಿ, ಲಿಂಗ, ಜಾತಿ, ಊರು ಇವೆಲ್ಲ ನಡುವೆ ಬರುತ್ತವೆ. 2009ರಲ್ಲಿ ಅವರೇ ‘ನೀತಿ’ ಮತ್ತು ‘ನ್ಯಾಯ’ ಎಂಬ ನಮ್ಮ ಎರಡು ಪದಗಳನ್ನು ಬೇರ್ಪಡಿಸಿ, ನಿಯಮ ಸರಿಯಾಗಿರುವುದು ಒಂದು, ಬದುಕಿನಲ್ಲಿ ನ್ಯಾಯ ಸಿಗುವುದು ಇನ್ನೊಂದು ಎಂದರು. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದೂ ಇದೇ ಬಿರುಕಿನ ಬಗ್ಗೆ: ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ. ಈ ಚೌಕಟ್ಟಿಗೆ ನಾನು ಸೇರಿಸಬಯಸುವುದು ಒಂದು ಸಣ್ಣ, ಲೌಕಿಕವಾದ ಅಂಶ. ಬರೆದ ಹಕ್ಕನ್ನು ಬಾಳುವ ಹಕ್ಕಾಗಿಸಲು ಖರ್ಚಿದೆ: ಬಸ್ ಚಾರ್ಜು, ಕೆಲಸ ಬಿಟ್ಟ ದಿನದ ಕೂಲಿ, ವಕೀಲರ ಫೀಸು, ಊರಿನವರ ಮುನಿಸು. ಈ ಖರ್ಚನ್ನು ಯಾರು ಹೊರುತ್ತಾರೆ ಎಂಬುದರ ಮೇಲೆಯೇ ಹಾಸನ ಸೀಮೆಯಲ್ಲಿ ಹಕ್ಕುಗಳ ಹಣೆಬರಹ ನಿಂತಿದೆ ಎಂಬುದು ಈ ಲೇಖನದ ವಾದ.

ಇದಕ್ಕೆ ಹಳೆಯ ಸಾಕ್ಷಿ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿದೆ. 1368ರ ಬುಕ್ಕರಾಯನ ಶಾಸನವನ್ನು ಪಠ್ಯಪುಸ್ತಕಗಳು ಧರ್ಮಸಹಿಷ್ಣುತೆಯ ಮಾದರಿಯೆಂದು ಹೊಗಳುತ್ತವೆ. ಹೊಗಳಿಕೆ ತಪ್ಪಲ್ಲ, ಆದರೆ ಅರ್ಧ ಓದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳ ಜೈನರು ತಮಗೆ ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆ ಎಂದು ಅರಸನಲ್ಲಿ ದೂರು ಕೊಟ್ಟರು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲವೆಂದ. ಪಂಚಮಹಾವಾದ್ಯ ಮತ್ತು ಕಳಶದ ಮೇಲಿನ ಜೈನರ ಹಕ್ಕನ್ನು ಎತ್ತಿಹಿಡಿದ. ಇಲ್ಲಿಯವರೆಗಿನದು ನೀತಿ. ಜಾರಿಯ ವ್ಯವಸ್ಥೆ ಅದರ ಮುಂದಿನ ಭಾಗದಲ್ಲಿದೆ: ರಾಜ್ಯದ ಜೈನರಿಂದ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು, ಅದರಿಂದ ಶ್ರೀವೈಷ್ಣವರ ಹಿರಿಯ ತಿರುಮಲೆಯ ತಾತಯ್ಯ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು, ಉಳಿದದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಆರೂವರೆ ಶತಮಾನದ ಹಿಂದೆಯೇ ಹಕ್ಕಿಗೊಂದು ಬಜೆಟ್ ಬೇಕೆಂದು ಹೊಳೆದ ಆಡಳಿತಬುದ್ಧಿ ಮೆಚ್ಚತಕ್ಕದ್ದೇ. ಆದರೆ ಹಣ ಕಟ್ಟಬೇಕಾದವರು ಯಾರು? ದೂರು ಕೊಟ್ಟವರೇ. ಅನ್ಯಾಯಕ್ಕೊಳಗಾದವರು ತಮ್ಮ ರಕ್ಷಣೆಯ ಖರ್ಚನ್ನು ತಾವೇ ಕೊಡುವುದು, ಅದನ್ನು ಎದುರು ಪಕ್ಷದ ಹಿರಿಯರು ವಿನಿಯೋಗಿಸುವುದು: ಒಪ್ಪಂದದ ನಿಜರೂಪ ಇದು.

ಅದೇ ಶಾಸನದ ಇನ್ನೊಂದು ವಿವರವನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು. ಒಪ್ಪಂದದಲ್ಲಿ ವೈಷ್ಣವ ಪಕ್ಷದ ಪರವಾಗಿ ಸೇರಿದವರ ಪಟ್ಟಿಯಲ್ಲಿ ತಿರುಕುಲ ಮತ್ತು ಜಾಂಬವಕುಲದ ಹೆಸರುಗಳಿವೆ, ಎಂದರೆ ಇಂದಿನ ಹೊಲೆಯ ಮತ್ತು ಮಾದಿಗ ಸಮುದಾಯಗಳು. ಮೇಲುಕೋಟೆ, ಬೇಲೂರುಗಳಲ್ಲಿ ವರ್ಷದ ಕೆಲವು ದಿನ ತಿರುಕುಲದವರಿಗೆ ದೇಗುಲ ಪ್ರವೇಶವಿದ್ದದ್ದನ್ನು ಮೈಸೂರು ಗ್ಯಾಸೆಟಿಯರ್ ಕೂಡ ದಾಖಲಿಸಿದೆ. ವರ್ಷದ ಕೆಲವೇ ದಿನ, ಅದೂ ಕೊಟ್ಟ ಅವಕಾಶವಾಗಿ.

ಆಧುನಿಕ ಮೈಸೂರಿನಲ್ಲಿ ಅಭಿವೃದ್ಧಿ ಮತ್ತು ನ್ಯಾಯ ಎದುರುಬದುರಾದ ಗಳಿಗೆ 1918. ಮೈಸೂರು ಆರ್ಥಿಕ ಸಮ್ಮೇಳನ (1911), ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು (1913), ವಿಶ್ವವಿದ್ಯಾನಿಲಯ (1916) ಇವುಗಳ ಹಿಂದಿದ್ದ ದಿವಾನ್ ವಿಶ್ವೇಶ್ವರಯ್ಯನವರಿಗೆ ದಕ್ಷತೆಯೇ ಪ್ರಗತಿಯ ಕೀಲಿ. 1917ರಲ್ಲಿ ಹುಟ್ಟಿದ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಲಿಗೆ ಆ ಕೀಲಿ ಯಾರ ಜೇಬಿನಲ್ಲಿದೆ ಎಂಬುದು ಪ್ರಶ್ನೆ. ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪ್ರಾತಿನಿಧ್ಯ ಪರಿಶೀಲಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದ ವರ್ಷವೇ ದಿವಾನರು ಹುದ್ದೆ ಬಿಟ್ಟರು. ಇದನ್ನು ಇಬ್ಬರಲ್ಲಿ ಒಬ್ಬರನ್ನು ಖಳನನ್ನಾಗಿಸುವ ಕತೆಯಾಗಿ ಹೇಳುವುದು ಈಚೆಗೆ ಫ್ಯಾಷನ್ ಆಗಿದೆ. ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ಮಿಲ್ಲರ್ ವರದಿಯಿಂದ ಹಾಸನದ ಒಕ್ಕಲು ಮಕ್ಕಳು ಹಾಸ್ಟೆಲು, ಹೈಸ್ಕೂಲು, ಸರ್ಕಾರಿ ನೌಕರಿ ಎಂದು ಮೆಟ್ಟಿಲು ಹತ್ತತೊಡಗಿದರು. ಅದೇ ಊರಿನ ಆಳುಮಕ್ಕಳಿಗೆ ಆ ಮೆಟ್ಟಿಲು ಕಾಣಲು ಇನ್ನೂ ಎರಡು ತಲೆಮಾರು ಬೇಕಾಯಿತು.

ಭೂಮಿಯ ವಿಚಾರಕ್ಕೆ ಬಂದರೆ ದಾಖಲೆ ದಟ್ಟವಾಗುತ್ತದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರ ಏಳನೇ ನಮೂನೆ ತುಂಬಿ ಅರ್ಜಿ ಹಾಕಿದರೆ ಭೂನ್ಯಾಯ ಮಂಡಳಿ ವಿಚಾರಿಸಿ ಅಧಿಭೋಗದ ಹಕ್ಕು ಕೊಡುತ್ತಿತ್ತು. ರಾಜ್ಯದಾದ್ಯಂತ ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಕಾಯ್ದೆಯ ಸ್ವಾರಸ್ಯವೆಲ್ಲ ಮಂಡಳಿಯ ರಚನೆಯಲ್ಲಿದೆ. ಅದು ಕೂರುತ್ತಿದ್ದದ್ದು ತಾಲ್ಲೂಕಿನಲ್ಲೇ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಉಳಿದವರು ಸರ್ಕಾರ ನಾಮಕರಣ ಮಾಡಿದ ಸ್ಥಳೀಯರು, ಅವರಲ್ಲಿ ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿರಲಿಲ್ಲ. ಧನಿಯ ಪರ ದೊಡ್ಡ ವಕೀಲ, ಗೇಣಿದಾರನ ಪರ ಯಾರೂ ಇಲ್ಲ ಎಂಬ ಸ್ಥಿತಿ ಬರಬಾರದೆಂಬ ಎಣಿಕೆ. 1987ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು. ನನ್ನ ದೃಷ್ಟಿಯಲ್ಲಿ ಆ ನಿಷೇಧ, ಹಕ್ಕಿನ ಖರ್ಚನ್ನು ದುರ್ಬಲನ ತಲೆಯಿಂದ ಇಳಿಸಲು ಕರ್ನಾಟಕದ ಶಾಸನಸಭೆ ಮಾಡಿದ ಅತ್ಯಂತ ಜಾಣ ಪ್ರಯತ್ನ.

ಆದರೆ ಆ ಜಾಣತನದ ಫಲ ಹೆಚ್ಚಾಗಿ ಬಿದ್ದದ್ದು ಗೇಣಿ ಪದ್ಧತಿ ದಟ್ಟವಾಗಿದ್ದ ಕರಾವಳಿ ಮತ್ತು ಮಲೆನಾಡಿಗೆ. ಹೊಳೆನರಸೀಪುರ, ಚನ್ನರಾಯಪಟ್ಟಣದಂಥ ಮೈದಾನ ಸೀಮೆಯಲ್ಲಿ ಉಳುವವನೇ ಹೆಚ್ಚಾಗಿ ಒಡೆಯನಾಗಿದ್ದ. ದೇವಾಲಯದ ಮತ್ತು ವೈಯಕ್ತಿಕ ಇನಾಮುಗಳು 1954-55ರ ಕಾಯ್ದೆಗಳಿಂದಲೇ ರದ್ದಾಗುವ ಹಾದಿ ಹಿಡಿದಿದ್ದವು. ಇಲ್ಲಿಯ ಕಡುಬಡವ ಗೇಣಿದಾರನಲ್ಲ, ಆಳು, ಜೀತದಾಳು. ಗೇಣಿದಾರನ ಹೆಸರಾದರೂ ಪಹಣಿಯ ಹನ್ನೆರಡನೇ ಅಂಕಣದಲ್ಲಿ ಸಾಗುವಳಿದಾರನೆಂದು ಬಂದಿರಬಹುದು. ಜೀತದಾಳಿನ ಹೆಸರು ಬರೆಯಲು ಪಹಣಿಯಲ್ಲಿ ಅಂಕಣವೇ ಇರಲಿಲ್ಲ. ದೊಡ್ಡಗದ್ದವಳ್ಳಿಯ ಶಾಸನದ ಕಾಲದಿಂದ 1974ರವರೆಗೆ ಈ ಒಂದು ವಿಷಯದಲ್ಲಿ ಬರಹಗಾರರು ಬದಲಾದರೇ ಹೊರತು ಬರಹ ಬದಲಾಗಲಿಲ್ಲ. 1976ರ ಜೀತ ನಿರ್ಮೂಲನಾ ಕಾಯ್ದೆ ಅವನನ್ನು ಸಾಲದಿಂದ ಬಿಡಿಸಿತು, ಭೂಮಿ ಕೊಡಲಿಲ್ಲ.

ದಲಿತರಿಗೆ ಈ ಭಾಗದಲ್ಲಿ ಭೂಮಿ ದಕ್ಕಿದ್ದು ಬೇರೆ ಮೂರು ದಾರಿಗಳಿಂದ. ಒಂದು, ತೋಟಿ, ತಳವಾರ, ನೀರಗಂಟಿಗಳು ಊರ ಚಾಕರಿಗಾಗಿ ಅನುಭವಿಸುತ್ತಿದ್ದ ಇನಾಮ್ತಿ ಜಮೀನು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ನಂತರ ನಿಗದಿತ ಮೊತ್ತ ಕಟ್ಟಿದವರಿಗೆ ಮರುಮಂಜೂರಾಯಿತು. ಕೆರೆಯ ತೂಬು ಎತ್ತಿ ಊರ ಗದ್ದೆಗೆಲ್ಲ ನೀರು ಹಂಚಿದ ನೀರಗಂಟಿ ತನ್ನ ಅರ್ಧ ಎಕರೆಗೆ ಸರ್ಕಾರಕ್ಕೆ ಹಣ ಕಟ್ಟಬೇಕಾಯಿತು ಎಂಬುದನ್ನು ಗಮನಿಸಬೇಕು. ಎರಡು, ದರಖಾಸ್ತು, ಎಂದರೆ ಅರ್ಜಿಯ ಮೇಲೆ ಮಂಜೂರಾದ ಸರ್ಕಾರಿ ಜಮೀನು. ಮೂರು, ಬಗರ್‌ಹುಕುಂ, ಎಂದರೆ ಅನುಮತಿಯಿಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನಿನ ಸಕ್ರಮ: ನಮೂನೆ 50, ಆಮೇಲೆ 53, 2018ರಲ್ಲಿ 57. ನಮೂನೆಯ ಸಂಖ್ಯೆ ಏರುತ್ತ ಹೋದಂತೆ ಅರ್ಜಿದಾರನ ಕೈಯಲ್ಲಿನ ಸ್ವೀಕೃತಿ ಚೀಟಿಗಳ ಕಟ್ಟು ದಪ್ಪವಾಗುತ್ತ ಹೋಯಿತು. ಹಳ್ಳಿಯ ಮನೆಗಳಲ್ಲಿ ಆ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ದೇವರ ಪಟದ ಹಿಂದೆ ಇಡುತ್ತಾರೆ. ಇಡಲು ಅದಕ್ಕಿಂತ ಭದ್ರವಾದ ಜಾಗ ಯಾವುದಿದೆ?

ಹೀಗೆ ಸಿಕ್ಕ ಭೂಮಿ ಕೈ ತಪ್ಪುತ್ತಿದೆ ಎಂಬುದನ್ನು ಕಂಡೇ 1978ರ ಪಿಟಿಸಿಎಲ್ ಕಾಯ್ದೆ ಬಂದದ್ದು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಿದರೆ ಅದು ಅಸಿಂಧು, ಜಮೀನು ಮಂಜೂರುದಾರನಿಗೋ ವಾರಸುದಾರರಿಗೋ ಮರಳಬೇಕು. ಮಂಚೇಗೌಡ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ನೀತಿಯ ಮಟ್ಟದಲ್ಲಿ ಇದಕ್ಕಿಂತ ಗಟ್ಟಿಯಾದ ರಕ್ಷಣೆ ಕಲ್ಪಿಸಿಕೊಳ್ಳುವುದು ಕಷ್ಟ. ನ್ಯಾಯದ ಮಟ್ಟದಲ್ಲಿ ನೋಡೋಣ. ಇಂಥ ಅರ್ಜಿಯನ್ನು ಉಪವಿಭಾಗಾಧಿಕಾರಿ ವಿಚಾರಿಸಬೇಕು, ಅರಕಲಗೂಡು ತಾಲ್ಲೂಕು ಸಕಲೇಶಪುರ ಉಪವಿಭಾಗಕ್ಕೆ ಸೇರಿದ್ದು. ಮಂಜೂರುದಾರನ ಮಗ ಕೂಲಿ ಬಿಟ್ಟು, ಬಸ್ ಬದಲಿಸಿ ಸಕಲೇಶಪುರ ಸೇರಿ, ವಾಯಿದೆ ಬಿದ್ದಿದೆ ಎಂದು ಕೇಳಿ ಹಿಂತಿರುಗಬೇಕು. ಅಲ್ಲಿ ಗೆದ್ದರೆ ಎದುರುಪಕ್ಷ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲಿಂದ ಹೈಕೋರ್ಟು. ಕಾಯ್ದೆ ಅರ್ಜಿಗೆ ಕಾಲಮಿತಿ ಹಾಕಿರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅರ್ಜಿ ಸಮಂಜಸವಾದ ಅವಧಿಯೊಳಗೆ ಬರಬೇಕೆಂದಿತು. ತಡವಾಗಿ ಬಂದ ಅರ್ಜಿಗಳು ಅದರ ಆಧಾರದ ಮೇಲೆ ಬಿದ್ದುಹೋಗತೊಡಗಿದವು. ದಲಿತ ಸಂಘಟನೆಗಳ ದೀರ್ಘ ಹೋರಾಟದ ನಂತರ 2023ರಲ್ಲಿ ಶಾಸನಸಭೆ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ತೊಡಕನ್ನು ತೆಗೆಯಬೇಕಾಯಿತು. ತಡವಾಯಿತೇಕೆ ಎಂದು ಕೇಳುವ ನ್ಯಾಯಶಾಸ್ತ್ರ, ಬೇಗ ಬರಲು ಎಷ್ಟು ಖರ್ಚಾಗುತ್ತಿತ್ತು ಎಂದು ಕೇಳಲಿಲ್ಲ.

ಪಹಣಿಯನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆ ಈ ಖರ್ಚಿನ ಒಂದು ಭಾಗವನ್ನು ನಿಜಕ್ಕೂ ಇಳಿಸಿತು. 2001ರ ವೇಳೆಗೆ ಸುಮಾರು ಎರಡು ಕೋಟಿ ಪಹಣಿಗಳು ಗಣಕೀಕೃತವಾಗಿ, 15 ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲಿ ಸಿಗತೊಡಗಿದವು. ಗ್ರಾಮ ಲೆಕ್ಕಿಗರ ಮರ್ಜಿ ಕಾಯುವುದು ತಪ್ಪಿತು. ಆದರೆ ಗಣಕ ಇದ್ದುದನ್ನು ಬೇಗ ಕೊಡುತ್ತದೆ, ಇಲ್ಲದ್ದನ್ನು ಸೇರಿಸುವುದಿಲ್ಲ.

ಹೇಮಾವತಿಯ ಬಗ್ಗೆ ಹೇಳದೆ ಈ ಸೀಮೆಯ ಅಭಿವೃದ್ಧಿಯ ಮಾತು ಮುಗಿಯದು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. 37 ಟಿಎಂಸಿ ಅಡಿ ನೀರು ಹಾಸನ, ಮಂಡ್ಯ, ತುಮಕೂರುಗಳ ಹೊಲಗಳಿಗೆ ದಾರಿ ಹಿಡಿಯಿತು. ನೀರು ಕಂಡ ಹೊಲದಲ್ಲಿ ಭತ್ತ, ಕಬ್ಬು ಬಂತು, ಕೂಲಿಯ ದಿನಗಳು ಹೆಚ್ಚಿದವು. ಇದನ್ನು ಕಡೆಗಣಿಸಿ ಬರೆಯುವುದು ಪ್ರಾಮಾಣಿಕವಲ್ಲ. ಹಿನ್ನೀರಿನಲ್ಲಿ ಮುಳುಗಿದ್ದರ ಗುರುತಾಗಿ ಶೆಟ್ಟಿಹಳ್ಳಿಯ ರೋಸರಿ ಚರ್ಚಿನ ಗೋಡೆಗಳು ನಿಂತಿವೆ. ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವವರ ನಡುವೆ. ಊರು ಬಿಟ್ಟವರಿಗೆ ಬದಲಿ ಭೂಮಿ ಎಂದು ಕಾದಿರಿಸಿದ ಜಮೀನು ನಕಲಿ ಹೆಸರುಗಳಿಗೆ ಹೋಯಿತೆಂಬ ದೂರುಗಳು ದಶಕಗಳ ನಂತರವೂ ತನಿಖೆಯ ಹಂತದವರೆಗೆ ಹೋದವು. ನಿರಾಶ್ರಿತ ತಾನು ನಿರಾಶ್ರಿತನೆಂದು ಪ್ರಮಾಣಪತ್ರ ಹಿಡಿದು ಕಚೇರಿ ಸುತ್ತಬೇಕು. ಕಾಲುವೆಯ ಕೊನೆಯ ರೈತನಿಗೆ ನೀರು ಬಂದಿದ್ದಕ್ಕೆ ಅಂಥ ಪತ್ರವೇನೂ ಬೇಕಿರಲಿಲ್ಲ.

ಸಹಜಾದೇವಿಗೆ ಮರಳುತ್ತೇನೆ. ಹೆಣ್ಣಿನ ಆಸ್ತಿಹಕ್ಕಿನಲ್ಲಿ ಈ ನಾಡು ಕೇಂದ್ರದ ಕಾನೂನಿಗಿಂತ ಮುಂದಿತ್ತೆಂಬುದು ಹೆಮ್ಮೆಯ ಮಾತೇ. ಮೈಸೂರಿನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಬಂದದ್ದು 1933ರಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮ ಮಾಡಿದ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಯಾಯಿತು, ಕೇಂದ್ರ ಅದನ್ನು ಮಾಡಿದ್ದು 2005ರಲ್ಲಿ. ಇಷ್ಟಾದರೂ ಹಾಸನದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆಯುವುದು ಹೆಚ್ಚಾಗಿ ಹಕ್ಕು ಬಿಟ್ಟುಕೊಡುವ ಸಹಿಗಾಗಿ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತು ಎಂಬ ಭಯ ಯಾವ ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲದ ಖರ್ಚು. ಗೌರಿಹಬ್ಬಕ್ಕೆ ಬಾಗಿನ ಬೇಕೋ, ಎರಡು ಎಕರೆ ಬೇಕೋ ಎಂದು ಆರಿಸಬೇಕಾದ ಸ್ಥಿತಿಯನ್ನು ಸ್ವಾತಂತ್ರ್ಯವೆಂದು ಕರೆಯಲಾಗದು. ಈಚಿನ ಎರಡು ಕ್ರಮಗಳು ಈ ದೃಷ್ಟಿಯಿಂದ ಕುತೂಹಲಕರ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಂಗಸರ ಬಸ್ ಚಾರ್ಜನ್ನೇ ತೆಗೆದುಹಾಕಿತು. ಅದೇ ವರ್ಷದ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಯ ಹೆಸರಿಗೆ ತಿಂಗಳಿಗೆ 2,000 ರೂಪಾಯಿ. ಉಚಿತಗಳೆಂದು ಮೂಗು ಮುರಿಯುವವರು ಒಂದನ್ನು ಗಮನಿಸಿಲ್ಲ: ಹಳ್ಳಿಯ ಹೆಂಗಸಿಗೆ ಕಚೇರಿ, ಆಸ್ಪತ್ರೆ, ಸಂತೆಗಳ ದೂರ ಕಿಲೋಮೀಟರಿನಲ್ಲಿರಲಿಲ್ಲ, ಗಂಡನಲ್ಲಿ ಕೇಳಬೇಕಾದ ಚಾರ್ಜಿನಲ್ಲಿತ್ತು.

ಆದರೂ ಕೈಗೆ ಬಂದ ಹಣ ಹೊಸ್ತಿಲು ದಾಟಿಸುತ್ತದೆಯೇ? ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ನಡೆದದ್ದು ಈ ಪ್ರಶ್ನೆಗೆ ನೇರ ಉತ್ತರ. ಸ್ತ್ರೀಶಕ್ತಿ ಸಂಘಗಳು ರಾಜ್ಯದಲ್ಲಿ 2000ದಿಂದೀಚೆಗೆ ಬೆಳೆದವು. ಉಳಿತಾಯ, ಸಾಲ, ಪಾಸ್‌ಬುಕ್, ವಾರದ ಸಭೆ ಇವುಗಳಿಂದ ಸಬಲೀಕರಣವನ್ನು ಅಳೆಯುವ ವರದಿಗಳು ರಾಶಿ ಬಿದ್ದಿವೆ. ಅಂಥ ಒಂದು ಸಂಘದ ದಲಿತ ಮಹಿಳೆಯರು ಊರಿನ ಬಸವೇಶ್ವರ ದೇವಾಲಯದೊಳಗೆ ಹೋದರು. ಮೇಲ್ಜಾತಿಯವರು ಅವರಿಗೆ ದಂಡ ಹಾಕಿದರು: ಒಂದು ಸಾವಿರ ರೂಪಾಯಿ. ಸಂಘದ ಪಾಸ್‌ಬುಕ್ಕಿನಲ್ಲಿ ಈ ಮಹಿಳೆಯರ ಹೆಸರಿತ್ತು, ಮತದಾರರ ಪಟ್ಟಿಯಲ್ಲಿತ್ತು, ಪಡಿತರ ಚೀಟಿಯಲ್ಲಿತ್ತು. ಮೈಸೂರು ಸಂಸ್ಥಾನದ ದೇವಾಲಯ ಪ್ರವೇಶ ಕಾಯ್ದೆಗೆ ಆಗ 67 ವರ್ಷ, ಸಂವಿಧಾನದ 17ನೇ ವಿಧಿಗೆ 65. ದೇವರ ಹೆಸರು ಬಸವೇಶ್ವರ. ಇಲ್ಲಿ ಬರಹಕ್ಕೆ ಯಾವ ಕೊರತೆಯೂ ಇರಲಿಲ್ಲ.

ಇದನ್ನು ಹಿಂದುಳಿದ ಊರಿನ ಕತೆಯೆಂದು ಬದಿಗಿಡಲಾಗದು. ಹೊಳೆನರಸೀಪುರ ತಾಲ್ಲೂಕು ರಾಜ್ಯಕ್ಕೆ ಮುಖ್ಯಮಂತ್ರಿಯನ್ನೂ ದೇಶಕ್ಕೆ ಪ್ರಧಾನಿಯನ್ನೂ ಕೊಟ್ಟ ನೆಲ. ನೀರಾವರಿ, ಕಾಲೇಜು, ರಸ್ತೆ ಎಲ್ಲ ಕಂಡದ್ದು. ಅಭಿವೃದ್ಧಿ ಬಂದಲ್ಲಿ ಸ್ವಾತಂತ್ರ್ಯ ತಾನಾಗಿ ಹಿಂಬಾಲಿಸುತ್ತದೆ ಎಂಬ ನಂಬಿಕೆಗೆ ಇಲ್ಲಿ ಪುರಾವೆ ಸಿಗುವುದಿಲ್ಲ. ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯಿಂದ ರೂಪಿಸಿದ ‘ಪ್ರಬಲ ಜಾತಿ’ಯ ಪರಿಕಲ್ಪನೆ ನೆನಪಾಗುತ್ತದೆ. ಭೂಮಿ, ಸಂಖ್ಯೆ, ವಿದ್ಯೆ, ಅಧಿಕಾರ ಒಂದೇ ಕಡೆ ಕೂಡಿದಾಗ ಅಭಿವೃದ್ಧಿಯ ಫಲವೂ ಅಲ್ಲಿಗೇ ಹರಿದು, ಆ ಹಿಡಿತವನ್ನು ಇನ್ನಷ್ಟು ಬಿಗಿಗೊಳಿಸಬಲ್ಲದು. ಕೂಲಿ ಕೊಡುವವನು, ಸಾಲ ಕೊಡುವವನು, ಪಂಚಾಯ್ತಿಯಲ್ಲಿ ಕೂರುವವನು, ದೇವಸ್ಥಾನದ ಬೀಗದ ಕೈ ಇಟ್ಟುಕೊಂಡವನು ಒಂದೇ ಬಳಗದವರಾದರೆ, ಒಂದು ಹಕ್ಕು ಕೇಳಿದವರು ಉಳಿದ ಮೂರನ್ನು ಪಣಕ್ಕಿಡಬೇಕಾಗುತ್ತದೆ. 2001ರಿಂದ 2011ರವರೆಗೆ ಹಾಸನ ಜಿಲ್ಲೆಯ ಜನಸಂಖ್ಯೆ ಬೆಳೆದದ್ದು ಶೇ. 3ರಷ್ಟು ಮಾತ್ರ, ರಾಜ್ಯದ್ದು ಶೇ. 15ಕ್ಕೂ ಹೆಚ್ಚು. ಬೆಂಗಳೂರಿಗೆ ಹೋದವರ ಲೆಕ್ಕ ಈ ಅಂತರದಲ್ಲಿ ಅಡಗಿದೆ ಎಂದು ನನ್ನ ಊಹೆ. ಆ ವಲಸೆಯನ್ನು ಕೂಲಿಯ ವ್ಯತ್ಯಾಸದಿಂದಷ್ಟೇ ವಿವರಿಸುವ ಅರ್ಥಶಾಸ್ತ್ರಜ್ಞರು, ಯಾರ ಮಗ ಎಂದು ಕೇಳದ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುವುದರ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬುಕ್ಕರಾಯನ ಶಾಸನವನ್ನೂ ಸಿಗರನಹಳ್ಳಿಯ ದಂಡವನ್ನೂ ಈಗ ಅಕ್ಕಪಕ್ಕದಲ್ಲಿಟ್ಟು ನೋಡಬಹುದು. 1368ರಲ್ಲಿ ಹಕ್ಕನ್ನು ಕಾಪಾಡಿಕೊಳ್ಳಲು ಮನೆಗೊಂದು ಹಣ. 2015ರಲ್ಲಿ ಹಕ್ಕನ್ನು ಬಳಸಿದ್ದಕ್ಕೆ ಒಂದು ಸಾವಿರ ರೂಪಾಯಿ ದಂಡ. ಎರಡೂ ಸಲ ಕೊಡಬೇಕಾದವರು ದುರ್ಬಲರೇ. ವ್ಯತ್ಯಾಸ ಇಷ್ಟು: ಅಂದು ಆ ಹಣದಿಂದ ಇಪ್ಪತ್ತು ಕಾವಲಿನವರು ಬಂದರು, ಅಂದಿನ ಒಪ್ಪಂದದ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲದವರ ಹೆಸರೂ ಇತ್ತು.